ಎಫ್‌ಪಿಜಿಎಯಲ್ಲಿ ಶೀಘ್ರ ಫೋರಿಯರ್ ಪರಿವರ್ತನೆ

ಒಂದು ಸಂಕೇತದಲ್ಲಿ ಯಾವ ಆವರ್ತನಗಳು ಎಷ್ಟೆಷ್ಟು ಬೆರೆತಿವೆಯೆಂಬುದನ್ನು ತಿಳಿಸುವ ಗಣಿತಕ್ರಮವೇ ಫೋರಿಯರ್ ಪರಿವರ್ತನೆ. ಅದನ್ನು ಕಡಿಮೆ ಗುಣಾಕಾರಗಳಲ್ಲಿ ಮುಗಿಸುವ ವಿಧಾನಕ್ಕೆ ಶೀಘ್ರ ಫೋರಿಯರ್ ಪರಿವರ್ತನೆ ಅಥವಾ ಎಫ್‌ಎಫ್‌ಟಿ ಎನ್ನುತ್ತಾರೆ. 1965ರಲ್ಲಿ ಕೂಲಿ ಮತ್ತು ಟ್ಯೂಕಿ ಇದನ್ನು ಪ್ರಚಾರಕ್ಕೆ ತಂದರು. ಗಾಸ್ 1805ರ ಸುಮಾರಿಗೇ ಇದರ ತಿರುಳನ್ನು ಕಂಡುಕೊಂಡಿದ್ದನು. ತಯಾರಾದ ಮೇಲೂ ಒಳಜೋಡಣೆಯನ್ನು ಬದಲಿಸಬಹುದಾದ ಚಿಪ್ ಎಫ್‌ಪಿಜಿಎ.

ಕಾರ್ಯವಿಧಾನ

ಮಾದರಿಗಳನ್ನು ಸಮಸ್ಥಾನ, ಬೆಸಸ್ಥಾನಗಳೆಂದು ಮತ್ತೆ ಮತ್ತೆ ಇಬ್ಭಾಗಿಸುವುದೇ ಇದರ ಮರ್ಮ. 8192 ಮಾದರಿಗಳಿಗೆ ನೇರ ಸೂತ್ರದಂತೆ 6,71,08,864 ಗುಣಾಕಾರಗಳು ಬೇಕು; ಎಫ್‌ಎಫ್‌ಟಿಯಲ್ಲಿ 13 ಹಂತಗಳ 53,248 ಸಾಕು. ಪ್ರತಿ ಹಂತದ ಮೂಲಕ್ರಿಯೆಗೆ ಆಕಾರಸಾಮ್ಯದಿಂದ ‘ಚಿಟ್ಟೆ’ ಎಂಬ ಹೆಸರು: ಎರಡು ಸಂಖ್ಯೆಗಳಲ್ಲಿ ಒಂದನ್ನು ಸ್ಮೃತಿಯಲ್ಲಿರಿಸಿದ ಗುಣಕದಿಂದ ಗುಣಿಸಿ, ಎರಡರ ಮೊತ್ತವನ್ನೂ ವ್ಯತ್ಯಾಸವನ್ನೂ ಮುಂದೆ ಕಳುಹಿಸುವುದು.

ಎಫ್‌ಪಿಜಿಎಯಲ್ಲಿ ಪ್ರತಿ ಹಂತಕ್ಕೂ ಪ್ರತ್ಯೇಕ ಮಂಡಲವನ್ನು ರಚಿಸಬಹುದು. ಕೊನೆಯ ಹಂತ ಹಿಂದಿನ ಕಂತನ್ನು ಮುಗಿಸುತ್ತಿರುವಾಗಲೇ ಮೊದಲ ಹಂತ ಹೊಸ ಕಂತನ್ನು ಸ್ವೀಕರಿಸುತ್ತದೆ. ಚಿಪ್‌ನ ಗಡಿಯಾರವು ಮಾದರಿಗಳ ವೇಗಕ್ಕಿಂತ ನಿಧಾನವಾಗಿದ್ದರೆ ಹಲವು ಮಾದರಿಗಳನ್ನು ಸಮಾಂತರ ಪಥಗಳಲ್ಲಿ ಹರಿಸಬೇಕಾಗುತ್ತದೆ.

ನಿಜವಾದ ತೊಡಕು ಬಿಟ್‌ಗಳ ಲೆಕ್ಕದಲ್ಲಿದೆ. ಪ್ರತಿ ಸಂಕಲನದಲ್ಲೂ ಸಂಖ್ಯೆ ಬೆಳೆಯಬಹುದು. ಸ್ಥಳ ಸಾಲದಿದ್ದರೆ ಅದು ಉಕ್ಕಿ ಉತ್ತರವೇ ಕೆಡುತ್ತದೆ. ಹೆಚ್ಚು ಕತ್ತರಿಸಿದರೆ ದುರ್ಬಲ ಸಂಕೇತವು ಪೂರ್ಣಾಂಕನದ ದೋಷದಲ್ಲಿ ಮುಳುಗುತ್ತದೆ.

ಸಾರಸ್ ಪ್ರಯೋಗ

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ‘ಸಾರಸ್’ ಉಪಕರಣವು ಮೊದಲ ನಕ್ಷತ್ರಗಳ ಕಾಲದ ಹೈಡ್ರೋಜನ್ ಸಂಕೇತವನ್ನು ಅರಸುತ್ತದೆ. ನಿರೀಕ್ಷಿತ ಸಂಕೇತವು ಒಂದು ಕೆಲ್ವಿನ್‌ಗಿಂತಲೂ ಚಿಕ್ಕದು. ನೆರೆಯಲ್ಲೇ 88ರಿಂದ 108 ಮೆಗಾಹರ್ಟ್ಸ್‌ವರೆಗೆ ಎಫ್‌ಎಂ ಬಾನುಲಿಯ ಅಬ್ಬರ. ಆ ಅಬ್ಬರ ಪಕ್ಕದ ಆವರ್ತನಗಳಿಗೆ ಸೋರಬಾರದೆಂದು ಪರಿವರ್ತನೆಗೆ ಮುನ್ನ ಪ್ರತಿ ಕಂತಿನ ಎರಡೂ ಅಂಚುಗಳನ್ನು ಕ್ರಮವಾಗಿ ಕ್ಷೀಣಗೊಳಿಸಬೇಕು. ಇದರ ವರ್ಣಪಟಲಮಾಪಕವಾದ ‘ಪಿಸ್ಪೆಕ್’ ವರ್ಟೆಕ್ಸ್-6 ಎಫ್‌ಪಿಜಿಎಯನ್ನು ಆಧರಿಸಿದೆ. 10 ಬಿಟ್‌ಗಳ ಪರಿವರ್ತಕಗಳಿಂದ ಬರುವ ಮಾದರಿಗಳನ್ನು ಅದು ಸುಮಾರು 61 ಕಿಲೋಹರ್ಟ್ಸ್ ಅಗಲದ ಪಟ್ಟಿಗಳಾಗಿ ವಿಂಗಡಿಸುತ್ತದೆ. ನಿರ್ಜನ ಸ್ಥಳಗಳಿಗೆ ಒಯ್ಯಬೇಕಾದುದರಿಂದ ಬ್ಯಾಟರಿಯಲ್ಲೇ ನಡೆಯುವಂತೆ ಅದನ್ನು ರೂಪಿಸಲಾಗಿದೆ.

2018ರಲ್ಲಿ, ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಅಳತೆ ಮಾಡಿದ ‘ಎಡ್ಜಸ್’ ತಂಡ ಅಂಥ ಸಂಕೇತವನ್ನು 78 ಮೆಗಾಹರ್ಟ್ಸ್ ಬಳಿ ಕಂಡಿರುವುದಾಗಿ ಪ್ರಕಟಿಸಿತು. 2020ರಲ್ಲಿ ಸಾರಸ್-3ನ್ನು ದಂಡಿಗಾನಹಳ್ಳಿ ಕೆರೆಯಲ್ಲಿಯೂ ಶರಾವತಿಯ ಹಿನ್ನೀರಿನಲ್ಲಿಯೂ ತೇಲಿಸಿ ಅಳತೆ ಮಾಡಲಾಯಿತು. 2022ರಲ್ಲಿ ಪ್ರಕಟವಾದ ಫಲಿತಾಂಶವು ಆ ಹೇಳಿಕೆಯನ್ನು ಶೇ. 95.3 ವಿಶ್ವಾಸಮಟ್ಟದಲ್ಲಿ ತಿರಸ್ಕರಿಸಿತು. ನೋಡುಗರ ಗಮನ ತೇಲುವ ಆಂಟೆನಾದ ಕಡೆಗೇ ಹೋಗುವುದು ಸಹಜ. ಆದರೆ ಅದು ಹಿಡಿದದ್ದನ್ನು ಆವರ್ತನಗಳಾಗಿ ಬಿಡಿಸಿದ್ದು ಈ ಚಿಪ್.

ಆಸ್ಟ್ರೇಲಿಯಾದ ಮರ್ಚಿಸನ್ ದೂರದರ್ಶಕದ ಡಿಜಿಟಲ್ ಗ್ರಾಹಕಗಳನ್ನು ರೂಪಿಸಿದ್ದೂ ಇದೇ ಸಂಸ್ಥೆ. ಅಲ್ಲಿಯೂ ಎಫ್‌ಪಿಜಿಎಗಳೇ ಸಂಕೇತವನ್ನು 1.28 ಮೆಗಾಹರ್ಟ್ಸ್ ಅಗಲದ 256 ಪಟ್ಟಿಗಳಾಗಿ ವಿಭಜಿಸುತ್ತವೆ.