ಹಾರ್ವರ್ಡಿನ ಬಾಗಿಲು ಮತ್ತು ಭಂಡಾರ

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ಹೊಗಳುವವರಿಗೂ ಕೊರತೆಯಿಲ್ಲ, ತೆಗಳುವವರಿಗೂ ಕೊರತೆಯಿಲ್ಲ. ಒಬ್ಬರಿಗೆ ಅದು ವಿದ್ಯೆಯ ಶಿಖರ. ಇನ್ನೊಬ್ಬರಿಗೆ ಸಿರಿವಂತರ ಕೋಟೆ. ನಮ್ಮ ಮನೆಗಳ ಮಕ್ಕಳೂ ಅದರ ಕನಸು ಕಾಣುವ ಕಾಲವಿದು. ಆದುದರಿಂದ ಈ ಆಕ್ಷೇಪಗಳಲ್ಲಿ ನ್ಯಾಯವೆಷ್ಟು ಎಂದು ತೂಗಿ ನೋಡುವುದು ಉಚಿತವೆಂದು ಭಾವಿಸುತ್ತೇವೆ.

ಬಾಸ್ಟನ್ ನಗರದ ಬಳಿ 1636ರಲ್ಲಿ ಸ್ಥಾಪನೆಗೊಂಡ ಈ ವಿದ್ಯಾಸಂಸ್ಥೆಗೆ, 1638ರಲ್ಲಿ ತೀರಿಕೊಂಡ ಜಾನ್ ಹಾರ್ವರ್ಡ್ ಎಂಬ ಧರ್ಮೋಪದೇಶಕನು ತನ್ನ ಆಸ್ತಿಯ ಅರ್ಧವನ್ನೂ ಸುಮಾರು 400 ಗ್ರಂಥಗಳನ್ನೂ ಬಿಟ್ಟುಹೋದನು. ಅಂತಹ ದಾನಗಳಿಂದ ಬೆಳೆದ ಮೂಲನಿಧಿಯು 2024ರಲ್ಲಿ 5,300 ಕೋಟಿ ಡಾಲರುಗಳನ್ನು ದಾಟಿತ್ತು.

ಮುಖ್ಯ ಆಕ್ಷೇಪವು ಪ್ರವೇಶವನ್ನು ಕುರಿತದ್ದು. ನ್ಯಾಯಾಲಯದ ಮುಂದೆ ಬಂದ ಆರು ವರ್ಷಗಳ ಲೆಕ್ಕದಂತೆ, ಅಲ್ಲಿಯೇ ಓದಿದವರ ಮಕ್ಕಳು ಅರ್ಜಿ ಹಾಕಿದರೆ ನೂರರಲ್ಲಿ ಸುಮಾರು 34 ಮಂದಿಗೆ ಸ್ಥಾನ ದೊರೆತಿತು. ಉಳಿದವರಲ್ಲಿ ಸುಮಾರು 6 ಮಂದಿಗೆ ಮಾತ್ರ. 2023ರ ಜೂನ್‌ನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಯನ್ನು ಅಸಿಂಧುಗೊಳಿಸಿತು. ಆದರೆ ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಸಲ್ಲುವ ಮನ್ನಣೆಯನ್ನು ಆ ತೀರ್ಪು ಮುಟ್ಟಲಿಲ್ಲ.

ಈ ಬಾಗಿಲಿನ ಚರಿತ್ರೆಯೂ ನಿರ್ಮಲವಲ್ಲ. 1922ರಲ್ಲಿ ಅಂದಿನ ಅಧ್ಯಕ್ಷ ಲೋವೆಲ್ ಯಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಬೇಕೆಂದರು. ಬಹಿರಂಗ ಮಿತಿಯನ್ನು ಅಧ್ಯಾಪಕರು ಒಪ್ಪಲಿಲ್ಲ. ಆದರೆ 1926ರಿಂದ ಅಂಕಗಳ ಜೊತೆಗೆ 'ಶೀಲ', 'ವ್ಯಕ್ತಿತ್ವ' ಎಂಬ ಅಳತೆಗಳಿಗೆ ಹೆಚ್ಚು ತೂಕ ಬಂದು, ಯಹೂದಿಗಳ ಪ್ರಮಾಣ ಇಳಿಯಿತು. ಅಳತೆಗೋಲು ಅಸ್ಪಷ್ಟವಾದಲ್ಲಿ ಪಕ್ಷಪಾತಕ್ಕೆ ಎಡೆ ಸಿಕ್ಕುತ್ತದೆಯೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಹಳೆಯ ವಿದ್ಯಾರ್ಥಿಗಳ ಕೊಡುಗೆಯಿಂದಲೇ ಬಡವರಿಗೆ ನೆರವು ಸಲ್ಲುತ್ತದೆಂಬುದು ಸಮರ್ಥಕರ ವಾದ. ನೆರವು ನಿಜವಾದದ್ದೇ. 2025-26ರಿಂದ ವಾರ್ಷಿಕ ಆದಾಯ 1 ಲಕ್ಷ ಡಾಲರನ್ನು ಮೀರದ ಕುಟುಂಬಗಳ ಮಕ್ಕಳಿಗೆ ಪದವಿ ಶಿಕ್ಷಣದ ಜೊತೆಗೆ ಊಟ, ವಸತಿಗಳನ್ನೂ ಉಚಿತಗೊಳಿಸಲಾಗಿದೆ. ಆದರೆ ಒಳಗೆ ಬಂದವರಿಗೆ ಅನ್ನವಿಕ್ಕಿದ ಮಾತ್ರಕ್ಕೆ, ಬಾಗಿಲಲ್ಲಿ ಹುಟ್ಟನ್ನು ಕೇಳಿದ ದೋಷ ಪರಿಹಾರವಾಗದು. ಇಷ್ಟು ದೊಡ್ಡ ನಿಧಿಯುಳ್ಳ ಸಂಸ್ಥೆಗೆ ಆ ಮನ್ನಣೆಯನ್ನು ಕೈಬಿಡುವ ಶಕ್ತಿಯಿಲ್ಲವೆಂದು ನಾವು ನಂಬಲಾರೆವು.

ಇನ್ನು ಭಂಡಾರದ ಮಾತು. 1954ರಲ್ಲಿ ಹಾರ್ವರ್ಡಿಗೆ ಸೇರಿದ ಬೋಧನಾ ಆಸ್ಪತ್ರೆಯಲ್ಲಿ ಡಾ. ಜೋಸೆಫ್ ಮರ್ರಿಯವರು ಅವಳಿ ಸೋದರರ ನಡುವೆ ಮೂತ್ರಪಿಂಡವನ್ನು ಕಸಿಮಾಡಿ ಯಶಸ್ವಿಯಾದರು. 1990ರಲ್ಲಿ ನೊಬೆಲ್ ಪುರಸ್ಕೃತರಾದರು. ಇಂದು ನಮ್ಮ ನಗರಗಳಲ್ಲಿ ಮೂತ್ರಪಿಂಡ ಪಡೆದು ಬದುಕಿರುವವರೂ ಆ ವಿದ್ಯೆಯ ಫಲಾನುಭವಿಗಳು. ನಮ್ಮ ರಾಘವಾಂಕ ಮಹಾಕವಿಯ ಹರಿಶ್ಚಂದ್ರ ಕಾವ್ಯವು ವನಮಾಲಾ ವಿಶ್ವನಾಥ ಅವರ ಇಂಗ್ಲಿಷ್ ಅನುವಾದದೊಡನೆ 2017ರಲ್ಲಿ ಪ್ರಕಟವಾದದ್ದು ಹಾರ್ವರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯದಿಂದಲೇ. ಮೂರ್ತಿ ಗ್ರಂಥಮಾಲೆಗೆ ಧನ ಒದಗಿಸಿದವರು ಅಲ್ಲಿ ಓದಿದ ಕನ್ನಡಿಗ ರೋಹನ್ ಮೂರ್ತಿ.

ಬಾಗಿಲಿನ ದೋಷಕ್ಕೆ ಭಂಡಾರವನ್ನು ದಂಡಿಸುವುದು ವಿವೇಕವಲ್ಲ. 2025ರ ಏಪ್ರಿಲ್‌ನಲ್ಲಿ ಅಮೆರಿಕದ ಸರಕಾರವು ಯಹೂದಿ ದ್ವೇಷವನ್ನು ತಡೆಯಲಿಲ್ಲವೆಂಬ ಆರೋಪವನ್ನೂ ಹೊರಿಸಿ, 220 ಕೋಟಿ ಡಾಲರಿನ ಸಂಶೋಧನಾ ಅನುದಾನವನ್ನು ತಡೆಹಿಡಿಯಿತು. ಅದು ಕಾನೂನುಬಾಹಿರವೆಂದು ಬಾಸ್ಟನ್ನಿನ ಫೆಡರಲ್ ನ್ಯಾಯಾಲಯವು ಅದೇ ಸೆಪ್ಟೆಂಬರಿನಲ್ಲಿ ತೀರ್ಪಿತ್ತಿತು. ಯಹೂದಿ ವಿದ್ಯಾರ್ಥಿಗಳ ದೂರು ಕೇಳಲೇಬೇಕಾದದ್ದು. ಆದರೆ ರೋಗಗಳ ಸಂಶೋಧನೆ ನಿಂತರೆ ಆ ವಿದ್ಯಾರ್ಥಿಗಳಿಗೆ ದೊರೆಯುವ ರಕ್ಷಣೆ ಯಾವುದು?

ಪ್ರವೇಶದ ಬಗೆಗಿನ ಟೀಕೆಗೆ ಹಾರ್ವರ್ಡ್ ಅರ್ಹವಾಗಿದೆ. ವಿದ್ಯೆಯನ್ನೇ ಬರಿದುಮಾಡುವ ಶಿಕ್ಷೆಗೆ ಅಲ್ಲ. ಮಕ್ಕಳನ್ನು ಅಲ್ಲಿಗೆ ಕಳುಹಿಸಬಯಸುವ ತಂದೆತಾಯಂದಿರಲ್ಲಿ ನಮ್ಮ ಅರಿಕೆಯಿಷ್ಟೆ: ಸ್ಥಾನ ಸಿಕ್ಕಿದರೆ ಕಲಿಯಲಿ, ಸಿಕ್ಕದಿದ್ದರೆ ಮಗುವಿನ ಬುದ್ಧಿಯನ್ನು ಹಳಿಯಬೇಡಿರಿ. ಆ ಬಾಗಿಲಿನ ತಕ್ಕಡಿಯು ಬುದ್ಧಿಯೊಂದನ್ನೇ ತೂಗುವುದಿಲ್ಲ.