ಪದವಿಪೂರ್ವ ವರ್ಗದಲ್ಲಿ ಮನಃಶಾಸ್ತ್ರ: ಪಾಲಕರಿಗೊಂದು ವಿವರಣೆ

ಎಸ್.ಎಸ್.ಎಲ್.ಸಿ. ಫಲಿತಾಂಶವು ಹೊರಬಿದ್ದ ಮರುದಿನದಿಂದಲೇ ನಮ್ಮ ಕಚೇರಿಯ ಬಾಗಿಲಲ್ಲಿ ಪಾಲಕರ ಸಾಲು ನಿಲ್ಲುವದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲಿಂದ ಬಂದವರಾದರೂ ಕೇಳುವ ಪ್ರಶ್ನೆ ಒಂದೇ: ಮಗಳನ್ನು ಮುಂದೆ ಯಾವದಕ್ಕೆ ಹಾಕಬೇಕು? ವಿಜ್ಞಾನ, ವಾಣಿಜ್ಯಗಳ ವಿಷಯದಲ್ಲಿ ನಾವು ಅವರಿಗೆ ಹೇಳಬೇಕಾದದ್ದು ಅಲ್ಪ. ಆದರೆ ಕಲಾವಿಭಾಗಕ್ಕೆ ಹೊರಟ ಹುಡುಗಿಯು ಮನಃಶಾಸ್ತ್ರವನ್ನು ಓದುವೆನೆಂದು ಬಾಯಿಬಿಟ್ಟರೆ ತಂದೆಯ ಮುಖವು ಸಪ್ಪಗಾಗುವದನ್ನು ಹಲವು ಸಲ ಕಂಡಿದ್ದೇವೆ. “ಅಕ್ಕೋರ, ಹುಚ್ಚರ ವಿದ್ಯಾ ಕಲತ ಹುಡಿಗೀನ ಯಾರ ಮಾಡ್ಕೋತಾರ್ರೀ?” ಎಂದು ಒಬ್ಬರು ನೇರವಾಗಿಯೇ ಕೇಳಿದರು. ಬಾಗಿಲಲ್ಲಿ ನಿಂತು ಕೊಟ್ಟ ಉತ್ತರವು ಅಂದು ಅವರಿಗೆ ಸಾಲದೆ ಹೋಯಿತು. ಆದಕಾರಣ ಈ ಸಂಚಿಕೆಯಲ್ಲಿ ಸ್ವಲ್ಪ ಸ್ಥಳವನ್ನು ಬೇಡಿಕೊಂಡಿದ್ದೇವೆ.

ಮನಃಶಾಸ್ತ್ರವೆಂದರೆ ಹುಚ್ಚರ ವಿದ್ಯೆಯಲ್ಲ. ಎದುರಿಗೆ ಕೂತವರ ಮನಸ್ಸಿನಲ್ಲಿರುವದನ್ನು ಹೇಳಿಬಿಡುವ ಕಣಿಯೂ ಅಲ್ಲ. ಮನುಷ್ಯನು ಹೇಗೆ ನೋಡುವನು, ಹೇಗೆ ಕಲಿಯುವನು, ಯಾಕೆ ಮರೆಯುವನು, ಯಾವಾಗ ಅಂಜುವನು ಎಂಬದನ್ನು ಅಳೆದು ತೂಗಿ ತಿಳಿಯುವ ಶಾಸ್ತ್ರವಿದು. ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ವಿಲ್ಹೆಲ್ಮ್ ವುಂಟ್ ಎಂಬ ಪಂಡಿತರು 1879ರಲ್ಲಿ ಇದಕ್ಕೆಂದೇ ಪ್ರಯೋಗಾಲಯವನ್ನು ತೆರೆದರು. ನಮ್ಮ ನಾಡಿಗೂ ಇದು ನಿನ್ನೆ ಮೊನ್ನೆ ಬಂದದ್ದಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿಯೇ ಮನಃಶಾಸ್ತ್ರದ ವಿಭಾಗವು ಆರಂಭವಾಯಿತು. ಅದನ್ನು ಕಟ್ಟಿದವರು ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು. (1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ರೇಡಿಯೋ ಕೇಂದ್ರವನ್ನು ನಡೆಯಿಸಿ, ‘ಆಕಾಶವಾಣಿ’ ಎಂಬ ಹೆಸರನ್ನು ಬಳಕೆಗೆ ತಂದವರೂ ಇವರೇ.)

ಪದವಿಪೂರ್ವ ವರ್ಗದಲ್ಲಿ ಈ ವಿಷಯಕ್ಕೆ ಬರಹದ ಪರೀಕ್ಷೆಯಲ್ಲಿ 70 ಅಂಕಗಳು, ಪ್ರಯೋಗಕ್ಕೆ 30 ಅಂಕಗಳು. ಕಲಾವಿಭಾಗದ ವಿಷಯಕ್ಕೆ ಪ್ರಯೋಗಾಲಯವೇ ಎಂದು ಪಾಲಕರು ಆಶ್ಚರ್ಯಪಡುವರು. ಅಲ್ಲಿ ನಡೆಯುವದೇನೆಂದು ಒಂದು ಉದಾಹರಣೆಯಿಂದ ಹೇಳುವೆವು. ಕಾಗದದ ಮೇಲೆ ಜೋಡುಗೆರೆಗಳ ನಕ್ಷತ್ರವೊಂದಿರುವದು. ಕೈಯು ಕಾಣದಂತೆ ನಡುವೆ ಒಂದು ಮರೆಯನ್ನಿಟ್ಟು ಎದುರಿಗೆ ಕನ್ನಡಿಯನ್ನು ನಿಲ್ಲಿಸುವರು. ಕನ್ನಡಿಯಲ್ಲಿ ಮಾತ್ರ ನೋಡುತ್ತ, ಗೆರೆಗಳ ನಡುವಿನ ಹಾದಿಯಲ್ಲಿ ಪೆನ್ಸಿಲನ್ನು ನಡೆಯಿಸಬೇಕು. ಸುಲಭವೆಂದು ತೋರುವದು, ಕೂತು ನೋಡಿದವರಿಗೇ ಗೊತ್ತು! ಕೈಯು ಮೇಲಕ್ಕೆ ಹೋಗೆಂದರೆ ಕೆಳಕ್ಕೆ ಇಳಿಯುವದು. ಮೊದಲು ಎಡಗೈಯಿಂದ ಒಮ್ಮೆ ಬರೆಯಿಸಿ ತಪ್ಪುಗಳನ್ನೂ ಹಿಡಿದ ಸಮಯವನ್ನೂ ಎಣಿಸುವರು. ಆಮೇಲೆ ಬಲಗೈಗೆ ಹಲವು ಸಲ ಅಭ್ಯಾಸ ಮಾಡಿಸಿ, ತಿರುಗಿ ಎಡಗೈಗೆ ಪೆನ್ಸಿಲು ಕೊಡುವರು. ಅಭ್ಯಾಸವನ್ನೇ ಮಾಡದ ಎಡಗೈಯ ತಪ್ಪುಗಳು ಬಹುಮಟ್ಟಿಗೆ ಇಳಿದಿರುವವು. ಬಲಗೈ ಕಲಿತದ್ದನ್ನು ಎಡಗೈಗೆ ಕಲಿಸಿದವರಾರು? ಹದಿನಾರು ವರ್ಷದ ಹುಡುಗಿಯು ಈ ಪ್ರಶ್ನೆಯ ಮುಂದೆ ಗಡಿಯಾರವನ್ನು ಹಿಡಿದು ನಿಂತು, ಕಂಡದ್ದನ್ನೇ ಬರೆಯಬೇಕು; ತನಗೆ ಬೇಕಾದದ್ದನ್ನು ಬರೆಯಲಾಗದು. ಈ ಅಭ್ಯಾಸವೊಂದಕ್ಕಾಗಿಯಾದರೂ ಈ ವಿಷಯವನ್ನು ಓದಬಹುದೆಂದು ನಮ್ಮ ಎಣಿಕೆ.

ಇನ್ನು ನಮ್ಮದೇ ತಪ್ಪೊಂದನ್ನು ಹೇಳಬೇಕಾಗಿದೆ. ನಿಪ್ಪಾಣಿಯ ಕಡೆಯ ಒಬ್ಬ ಹುಡುಗಿಯು ಎಂಟನೆಯ ವರ್ಗಕ್ಕೆ ನಮ್ಮಲ್ಲಿ ಸೇರಿದಳು. ಮನೆಯಲ್ಲಿ ಮರಾಠಿ ಮಾತು. ಏನು ಕೇಳಿದರೂ ತಲೆ ತಗ್ಗಿಸಿ ನಿಲ್ಲುವಳು. ನಾವು ನಮ್ಮ ಟಿಪ್ಪಣಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ‘ಮಂದ’ ಎಂದು ಬರೆದೆವು. ಆರು ತಿಂಗಳ ತರುವಾಯ ಒಂದು ಮಧ್ಯಾಹ್ನ, ಬೇವಿನ ಮರದ ಕೆಳಗೆ ಅವಳು ತನಗಿಂತ ಚಿಕ್ಕವಳೊಬ್ಬಳಿಗೆ ಬಡ್ಡಿಯ ಲೆಕ್ಕವನ್ನು ಮರಾಠಿಯಲ್ಲಿ ಬಿಡಿಸಿ ಹೇಳುತ್ತಿದ್ದಳು. ಒಂದು ಹೆಜ್ಜೆಯೂ ತಪ್ಪಲಿಲ್ಲ. ಆ ಶಬ್ದವನ್ನು ಅಂದೇ ಹೊಡೆದುಹಾಕಿದೆವು. ಕಳೆದ ಆರು ತಿಂಗಳನ್ನು ಮಾತ್ರ ಅವಳಿಗೆ ತಿರುಗಿ ಕೊಡಲಾಗಲಿಲ್ಲ. ಶಿಕ್ಷಕಿಯರ ತರಬೇತಿಯಲ್ಲಿ ಶೈಕ್ಷಣಿಕ ಮನಃಶಾಸ್ತ್ರದ ಪರೀಕ್ಷೆಯನ್ನು ನಾವು ಒಳ್ಳೆಯ ಅಂಕಗಳಿಂದಲೇ ದಾಟಿದ್ದೆವು!

ಈ ತಪ್ಪಿನ ಮೂಲವನ್ನು ನಮ್ಮ ಸೀಮೆಯ ಒಬ್ಬ ವಿದ್ವಾಂಸರು ಬಹು ಹಿಂದೆಯೇ ಕಂಡಿದ್ದರು. ಪ್ಯಾರಿಸಿನ ಆಲ್ಫ್ರೆಡ್ ಬಿನೆ ಎಂಬವರು 1905ರಲ್ಲಿ ಬುದ್ಧಿಯ ಅಳತೆಗೋಲನ್ನು ರಚಿಸಿದ್ದು ಮಕ್ಕಳಿಗೆ ಹೆಸರಿಡುವದಕ್ಕಲ್ಲ, ಹೆಚ್ಚಿನ ಸಹಾಯ ಬೇಕಾದ ಮಕ್ಕಳನ್ನು ಗುರುತಿಸುವದಕ್ಕೆ. ಪರದೇಶದ ಪ್ರಶ್ನೆಗಳನ್ನು ನಮ್ಮ ಮಕ್ಕಳಿಗೆ ಹಾಗೆಯೇ ಕೇಳಿದರೆ ಅಳತೆಯಾಗುವದು ಬುದ್ಧಿಯಲ್ಲ, ಪರಿಚಯ. ಆದಕಾರಣ ಡಾಕ್ಟರ್ ವಿ. ವಿ. ಕಾಮತರು 1934ರಲ್ಲಿ ಅದನ್ನು ಧಾರವಾಡ ಸೀಮೆಯ ಮಕ್ಕಳಿಗೆ ಹೊಂದುವಂತೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಅಳವಡಿಸಿದರು. ಬಿನೆ-ಕಾಮತ್ ಪರೀಕ್ಷೆಯೆಂದು ಹೆಸರಾದ ಇದರ ಮಾನಕಗಳು ಹಳೆಯವಾದವೆಂಬ ಆಕ್ಷೇಪವುಂಟು. ಆದರೂ ಅದಿನ್ನೂ ಬಳಕೆಯಲ್ಲಿದೆ. ಒಂದೇ ಓಣಿಯಲ್ಲಿ ಎರಡು ಭಾಷೆಗಳನ್ನಾಡುವ ನಮ್ಮ ಗಡಿಭಾಗದ ಹುಡುಗಿಯರಿಗೆ ಈ ಶಾಸ್ತ್ರವು ಪರಕೀಯವೆಂದು ಹೇಗೆ ಹೇಳೋಣ?

ಆದರೆ ಪಾಲಕರು ಅತಿಯಾಗಿ ಆಶಿಸಲೂ ಬಾರದು. ಎರಡು ವರ್ಷ ಓದಿದ ಮಾತ್ರಕ್ಕೆ ಯಾರೂ ಮಾನಸಿಕ ಚಿಕಿತ್ಸಕಿಯಾಗುವದಿಲ್ಲ. ಪದವಿ, ಸ್ನಾತಕೋತ್ತರ ಪದವಿಗಳನ್ನು ದಾಟಿ, ಮಾನ್ಯತೆಯುಳ್ಳ ವೃತ್ತಿಶಿಕ್ಷಣವನ್ನು ಪಡೆದು, ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ಹೆಸರು ನೋಂದಾಯಿಸಬೇಕು. ಹಾದಿ ಉದ್ದವಾದದ್ದು; ಖರ್ಚೂ ಉಂಟು. ಎಲ್ಲ ಕಾಲೇಜುಗಳಲ್ಲಿ ಈ ವಿಷಯವು ಇರುವದೂ ಇಲ್ಲ. ಪ್ರವೇಶಕ್ಕೆ ಮುಂಚೆ ವಿಚಾರಿಸಿಕೊಳ್ಳಿರಿ. ಶಿಕ್ಷಕಿ, ದಾದಿ, ಸಮಾಜಕಾರ್ಯಕರ್ತೆಯಾಗುವವಳಿಗಾದರೋ ಎರಡೇ ವರ್ಷದ ಓದೂ ವ್ಯರ್ಥವಾಗದು.

ಇಂಥವರ ಅಗತ್ಯವಿದೆಯೇ ಎಂದು ಕೇಳುವವರು 2019ರ ಆಗಸ್ಟನ್ನು ನೆನೆಯಲಿ. ಕೃಷ್ಣೆಯು ಮನೆಗಳಿಗೆ ನುಗ್ಗಿದ ತರುವಾಯ, ನೀರು ಇಳಿದು ಎಷ್ಟೋ ದಿನಗಳಾದರೂ ಮಳೆಯ ಸದ್ದಿಗೆ ಬೆಚ್ಚುತ್ತಿದ್ದ ಮಕ್ಕಳು ನಮ್ಮ ವರ್ಗಗಳಲ್ಲಿಯೇ ಇದ್ದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಡೆಯಿಸಿದ ಪ್ರಯತ್ನವೇ ಮಾದರಿಯಾಗಿ, 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಯಿತು. 2022ರಿಂದ ಟೆಲಿ-ಮಾನಸ್ ಎಂಬ ಸರಕಾರದ ಉಚಿತ ದೂರವಾಣಿಯೂ ಉಂಟು. ಅದರ ಸಂಖ್ಯೆ 14416. ಕರೆಗೆ ಉತ್ತರ ಕೊಡುವವರು ನಮ್ಮ ಮಾತನ್ನು ಬಲ್ಲವರಾಗಬೇಕಾದರೆ ನಮ್ಮ ಊರುಗಳಿಂದಲೇ ಯಾರಾದರೂ ಓದಲು ಹೋಗಬೇಕಷ್ಟೆ.

ಮೊದಲು ಹೇಳಿದ ಆ ತಂದೆಯವರು ಕೊನೆಗೆ ಮಗಳ ಇಚ್ಛೆಗೆ ಒಪ್ಪಿದರು. ದೀಪಾವಳಿಯ ರಜೆಯಲ್ಲಿ ಅವಳು ಮನೆಯ ಕನ್ನಡಿಯನ್ನಿಟ್ಟು ಎಲ್ಲರಿಂದಲೂ ನಕ್ಷತ್ರವನ್ನು ಬರೆಯಿಸಿದಳಂತೆ. ತಮ್ಮ ತಪ್ಪುಗಳು ಅಜ್ಜಿಯ ತಪ್ಪುಗಳಿಗಿಂತ ಹೆಚ್ಚಾದವೆಂದು ಅವರೇ ಬಂದು ನಮಗೆ ಹೇಳಿದರು.