ಧಾರವಾಡದ ಗೆಳೆಯರ ಗುಂಪು: ಕೂಡಿ ಓದಿದವರು, ಕೂಡಿ ಕಟ್ಟಿದವರು

ಕನ್ನಡಕ್ಕೆ ಬಂದಿರುವ ಎಂಟು ಜ್ಞಾನಪೀಠ ಪ್ರಶಸ್ತಿಗಳಲ್ಲಿ ಎರಡು ಒಂದೇ ಊರಿನ ಒಂದೇ ಕೂಟದ ಗೆಳೆಯರಿಗೆ ಸಂದವು. 1973ರದ್ದು ದ.ರಾ. ಬೇಂದ್ರೆಯವರಿಗೆ, 1990ರದ್ದು ವಿ.ಕೃ. ಗೋಕಾಕರಿಗೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಕನ್ನಡಕ್ಕೆ ಬರತೊಡಗಿದ ಮೊದಲ ವರ್ಷಗಳಿಂದಲೂ ಇದೇ ಕೂಟದವರ ಹೆಸರು ಮತ್ತೆ ಮತ್ತೆ ಕಾಣುತ್ತದೆ: 1956ರಲ್ಲಿ ರಂ.ಶ್ರೀ. ಮುಗಳಿ, 1958ರಲ್ಲಿ ಬೇಂದ್ರೆ, 1960ರಲ್ಲಿ ಗೋಕಾಕ, 1970ರಲ್ಲಿ ಶಂ.ಬಾ. ಜೋಶಿ. ಈ ನಾಲ್ವರೂ ಹರೆಯದಲ್ಲಿ ಧಾರವಾಡದಲ್ಲಿ ಒಟ್ಟಿಗೆ ಕೂತು ಒಬ್ಬರ ಬರಹವನ್ನು ಇನ್ನೊಬ್ಬರು ಕೇಳಿದವರು. ಅವರು ತಮ್ಮ ಕೂಟಕ್ಕೆ ಇಟ್ಟುಕೊಂಡ ಹೆಸರು ‘ಗೆಳೆಯರ ಗುಂಪು’.

ಒಬ್ಬೊಬ್ಬರ ಸಾಧನೆಯೂ ಪಠ್ಯಪುಸ್ತಕಗಳಲ್ಲಿದೆ. ಕೂಡಿ ಮಾಡಿದ ಕೆಲಸದ ಮಾತು ಮಾತ್ರ ಕಡಿಮೆ. ಕವಿತೆಗೆ ಕವಿಯೊಬ್ಬ ಇದ್ದರೆ ಸಾಲದು. ಕೇಳುವವರು, ತಿದ್ದುವವರು, ಅಚ್ಚು ಹಾಕುವವರು, ಕೊಂಡು ಓದುವವರು ಎಲ್ಲರೂ ಬೇಕು. ಇವರಲ್ಲಿ ಯಾರೂ ಸಾಕಷ್ಟು ಇಲ್ಲದ ಸೀಮೆಯಲ್ಲಿ ಆ ಎಲ್ಲವನ್ನೂ ಈ ಗೆಳೆಯರು ತಾವೇ ಕಟ್ಟಿಕೊಂಡರು. ಅವರ ದೊಡ್ಡ ಸಾಧನೆ ಅದೇ.

ಅರಸನಿಲ್ಲದ ಸೀಮೆಯಲ್ಲಿ

ಬೇಂದ್ರೆ ಗೆಳೆಯರನ್ನು ಕೂಡಿಸಿದ್ದು 1922ರಲ್ಲಿ. ಆಗ ಕನ್ನಡಿಗರು ಮೈಸೂರು, ಮುಂಬೈ, ಮದ್ರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿದ್ದರು. ಮೈಸೂರಿಗೆ ಕಲೆ, ಸಾಹಿತ್ಯಗಳಿಗೆ ಆಶ್ರಯ ಕೊಡುವ ಅರಮನೆಯಿತ್ತು. 1916ರ ಹೊತ್ತಿಗೆ ಅಲ್ಲಿ ಒಂದು ವಿಶ್ವವಿದ್ಯಾಲಯವೂ ಬಂದಿತ್ತು. ಮುಂಬೈ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ಬಿಜಾಪುರಗಳ ಸ್ಥಿತಿ ಬೇರೆ. ಆಡಳಿತದಲ್ಲೂ ಶಿಕ್ಷಣದಲ್ಲೂ ಮರಾಠಿಯ ಪ್ರಭಾವ ದಟ್ಟವಾಗಿತ್ತು. ಅದನ್ನು ಎದುರಿಸಲೆಂದೇ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತ್ತು. 1917ರಲ್ಲಿ ಧಾರವಾಡಕ್ಕೆ ಕರ್ನಾಟಕ ಕಾಲೇಜು ಬಂತು, ಪದವಿ ಮಾತ್ರ ಮುಂಬೈ ವಿಶ್ವವಿದ್ಯಾಲಯದ್ದು. ಕರ್ನಾಟಕ ವಿಶ್ವವಿದ್ಯಾಲಯಕ್ಕಾಗಿ 1949ರವರೆಗೂ ಕಾಯಬೇಕಾಯಿತು.

ಬೇಂದ್ರೆಯವರ ಮನೆಮಾತು ಮರಾಠಿ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಬಂದು ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದರು. ಅವರ ಮೊದಲ ಪುಸ್ತಕ ‘ಕೃಷ್ಣಕುಮಾರಿ’ ಹೊರಬಂದದ್ದು ಗುಂಪು ಹುಟ್ಟಿದ ವರ್ಷವೇ. ಮರುವರ್ಷ ಪುಣೆಯಲ್ಲಿ ಮರಾಠಿ ಕವಿಗಳು ‘ರವಿಕಿರಣ ಮಂಡಳ’ ಕಟ್ಟಿಕೊಂಡರು. ಕವಿತೆಯನ್ನು ಸ್ನೇಹದಲ್ಲಿ ಬೆಳೆಸುವ ಹಂಬಲ ಆ ಕಾಲದ ಗಾಳಿಯಲ್ಲೇ ಇತ್ತು. ಧಾರವಾಡದ ಗೆಳೆಯರು ಕವಿತೆಯ ಜೊತೆಗೆ ನಾಡಿನ ಕೆಲಸವನ್ನೂ ಮೈಮೇಲೆ ಎಳೆದುಕೊಂಡರು.

ಕಾವ್ಯನಾಮ ಹೊತ್ತವರು

ಈ ಗೆಳೆಯರ ಪಟ್ಟಿಯನ್ನು ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಕಾವ್ಯನಾಮಗಳ ಸಾಲು. ಬೇಂದ್ರೆ ತಾಯಿ ಅಂಬವ್ವನ ಹೆಸರಿನಿಂದ ‘ಅಂಬಿಕಾತನಯದತ್ತ’ರಾದರು. ಬೆಟಗೇರಿ ಕೃಷ್ಣಶರ್ಮರು ‘ಆನಂದಕಂದ’, ಮುಗಳಿ ‘ರಸಿಕರಂಗ’, ಗೋಕಾಕ ‘ವಿನಾಯಕ’, ಜಿ.ಬಿ. ಜೋಶಿ ‘ಜಡಭರತ’, ಎನ್.ಕೆ. ಕುಲಕರ್ಣಿ ‘ಎನ್ಕೆ’. ಬಿಜಾಪುರ ಜಿಲ್ಲೆಯ ಹಲಸಂಗಿಯಿಂದ ಬಂದು ಕೂಡಿಕೊಂಡ ಚೆನ್ನಮಲ್ಲಪ್ಪ ಗಲಗಲಿ ‘ಮಧುರಚೆನ್ನ’. ಹಗಲು ಶಾಲೆಯಲ್ಲೋ ಕಚೇರಿಯಲ್ಲೋ ದುಡಿಯುವ ಮಂದಿ ಕವಿತೆಗಾಗಿ ಇನ್ನೊಂದು ಹೆಸರನ್ನು ಕಾಪಾಡಿಕೊಂಡರು. ಆ ಹೆಸರಿನಿಂದ ಬಂದದ್ದನ್ನು ಗೆಳೆಯರು ಗೌರವದಿಂದ ಕಂಡರು, ಬೇಕಾದಲ್ಲಿ ಮುಲಾಜಿಲ್ಲದೆ ಚರ್ಚಿಸಿದರು.

ಇವರೆಲ್ಲ ಒಂದೇ ಅಚ್ಚಿನ ಲೇಖಕರೂ ಆಗಿರಲಿಲ್ಲ. ಸವಣೂರಿನಿಂದ ಬಂದ ಗೋಕಾಕ ಕಾಲೇಜು ವಿದ್ಯಾರ್ಥಿಯಾಗಿದ್ದಾಗಲೇ ಗುಂಪಿಗೆ ಸೇರಿದರು. ಬೇಂದ್ರೆಯವರನ್ನು ಕೊನೆಯವರೆಗೂ ಕಾವ್ಯಗುರು ಎಂದೇ ನೆನೆದರು. ಆದರೆ ಅವರ ಕವಿತೆ ಹಿಡಿದ ದಾರಿ ಬೇರೆಯೇ. ‘ಸಮುದ್ರ ಗೀತೆಗಳು’ ಬರೆದ ಅವರು ಮುಂದೆ ಮುಂಬೈ ಸಾಹಿತ್ಯ ಸಮ್ಮೇಳನದಲ್ಲಿ ‘ನವ್ಯ’ದ ಮಾತೆತ್ತಿ ಹೊಸ ತಲೆಮಾರಿಗೆ ಬಾಗಿಲು ತೆರೆದರು. ಶಂ.ಬಾ. ಜೋಶಿಯವರಿಗೆ ಕಾಲೇಜು ಪದವಿ ಇರಲಿಲ್ಲ. ಶಾಲಾ ಮಾಸ್ತರಿಕೆ ಮಾಡುತ್ತಲೇ ಕನ್ನಡ ಜನಾಂಗದ ಮೂಲವನ್ನು ಭಾಷೆಯ ಕುರುಹುಗಳಲ್ಲಿ ಹುಡುಕಿ ‘ಕಂನುಡಿಯ ಹುಟ್ಟು’, ‘ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ಯಂಥ ಗ್ರಂಥಗಳನ್ನು ಬರೆದರು. ಮುಗಳಿಯವರ ‘ಕನ್ನಡ ಸಾಹಿತ್ಯ ಚರಿತ್ರೆ’ಯನ್ನು ಓದದೆ ಕನ್ನಡ ಎಂ.ಎ. ಮುಗಿಸಿದವರು ಆ ಕಾಲದಲ್ಲಿ ಅಪರೂಪ. ಕವಿಗಳ ನಡುವೆ ಒಬ್ಬ ಸಂಶೋಧಕ, ಒಬ್ಬ ಚರಿತ್ರಕಾರ, ಒಬ್ಬ ನಾಟಕಕಾರ ಕೂತಿದ್ದರಿಂದ ಅಲ್ಲಿ ಓದಿದ ಕವಿತೆ ಹಲವು ಬಗೆಯ ಕಿವಿಗಳನ್ನು ದಾಟಿಯೇ ಹೊರಬರಬೇಕಿತ್ತು.

ಹಲಸಂಗಿಯ ಬೀಸುಕಲ್ಲು

ಗುಂಪಿನ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳದ್ದೆಂದು ತೋರುವ ಅಧ್ಯಾಯ ನಡೆದದ್ದು ಧಾರವಾಡದಿಂದ ದೂರದ ಹಲಸಂಗಿಯಲ್ಲಿ. ಭೀಮಾ ಸೀಮೆಯ ಈ ಹಳ್ಳಿ ಆಗ ಇಂಡಿ ತಾಲ್ಲೂಕಿನಲ್ಲಿತ್ತು. ಅಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಇವರು ತಮ್ಮದೇ ಒಂದು ಕೂಟ ಕಟ್ಟಿಕೊಂಡಿದ್ದರು. ಬೇಂದ್ರೆಯವರ ಗುಂಪಿಗೂ ಇವರಿಗೂ ಗಾಢವಾದ ನಂಟು. ‘ಹಲಸಂಗಿ ಗೆಳೆಯರು’ ಎಂದೇ ನಾಡು ಇವರನ್ನು ಕರೆಯಿತು.

ಇವರು ಹಳ್ಳಿಯ ಹೆಂಗಸರ ಬಾಯಲ್ಲಿದ್ದ ಹಾಡುಗಳನ್ನು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಪ್ರಕಟವಾಯಿತು. ಬೆನ್ನಿಗೇ 1933ರಲ್ಲಿ ಲಾವಣಿಗಳ ಸಂಕಲನ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಬಂದವು. ಜಾನಪದ ಎಂಬುದು ವಿಶ್ವವಿದ್ಯಾಲಯಗಳ ವಿಷಯವಾಗುವುದಕ್ಕೆ ದಶಕಗಳ ಮೊದಲೇ, ಟೇಪ್ ರೆಕಾರ್ಡರ್ ಇಲ್ಲದ ಕಾಲದಲ್ಲಿ, ಕೇಳುತ್ತ ಕೇಳುತ್ತ ಕೈಯಲ್ಲೇ ಬರೆದು ಮಾಡಿದ ಕೆಲಸ ಇದು.

ಆ ಹಾಡುಗಳು ಹುಟ್ಟುತ್ತಿದ್ದ ಬಗೆಯನ್ನು ತುಸು ಹತ್ತಿರದಿಂದ ನೋಡಬೇಕು. ನಸುಕಿನಲ್ಲೆದ್ದು ಇಬ್ಬರು ಹೆಂಗಸರು ಬೀಸುಕಲ್ಲಿನ ಎದುರುಬದುರು ಕೂಡುತ್ತಾರೆ. ಇಬ್ಬರ ಕೈಯೂ ಒಂದೇ ಗೂಟದ ಮೇಲೆ. ಕಲ್ಲು ಸುತ್ತುವ ಲಯಕ್ಕೆ ಒಬ್ಬಳು ಸಾಲು ಎತ್ತುತ್ತಾಳೆ, ಇನ್ನೊಬ್ಬಳು ದನಿಗೂಡಿಸುತ್ತಾಳೆ. ಹಾಡು ತ್ರಿಪದಿಯದು, ಮೂರೇ ಸಾಲು. ಹಾಡುವಾಗ ನಡುವಿನ ಸಾಲಿನ ಒಂದು ಭಾಗವನ್ನು ಮರಳಿ ಹಿಡಿಯುವುದುಂಟು, ಆಗ ಮೂರು ಸಾಲು ನಾಲ್ಕಾಗುತ್ತದೆ. ಹಾಗೆ ಮರಳಿ ಹಿಡಿದ ಹೊತ್ತಿನಲ್ಲಿ ಮುಂದಿನ ಸಾಲು ಮನಸ್ಸಿನಲ್ಲಿ ಕೂಡಿಕೊಳ್ಳುತ್ತದೆ. ತ್ರಿಪದಿಯ ಹನ್ನೊಂದು ಗಣಗಳು ಅಂಶಗಣಗಳು. ಅಕ್ಷರಗಳನ್ನು ಎಳೆಯಲು, ಕುಗ್ಗಿಸಲು ಅಲ್ಲಿ ಎಡೆಯುಂಟು. ಹೀಗಾಗಿ ಓದುವಾಗ ಕುಂಟಿದಂತೆ ಕಾಣುವ ಸಾಲು ಹಾಡಿದಾಗ ಸರಿಯಾಗಿ ಕೂಡುತ್ತದೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಸುಮಾರು 1,300 ವರ್ಷಗಳ ಹಿಂದೆಯೇ ಕಲ್ಲಿಗಿಳಿದ ಮಟ್ಟು ಇದು. ಸರ್ವಜ್ಞನೂ ಇದನ್ನೇ ಹಿಡಿದ. ಓದುಬರಹ ಬಲ್ಲವರು ಮರೆತರೂ ಬೀಸುವ ಹೆಣ್ಣುಮಕ್ಕಳು ಅದನ್ನು ಬಿಟ್ಟಿರಲಿಲ್ಲ.

ತವರು, ಅಣ್ಣ, ಹಡೆದವ್ವ, ತೊಟ್ಟಿಲ ಕೂಸು, ಬಂಜೆಯ ಸಂಕಟ, ಮಳೆರಾಯ, ಊರ ದೇವರು ಎಲ್ಲವೂ ಆ ಹಾಡುಗಳಲ್ಲಿವೆ. ಕಟ್ಟಿದವಳ ಹೆಸರು ಯಾವ ಹಾಡಿಗೂ ಇಲ್ಲ. ಗೆಳೆಯರ ಗುಂಪಿನ ಪಟ್ಟಿಯಲ್ಲಿ ಇರುವವರೆಲ್ಲ ಗಂಡಸರೇ. ಆ ಕಾಲದ ಮಿತಿ ಅದು, ಅದನ್ನು ಮರೆಮಾಚಬೇಕಿಲ್ಲ. ಆದರೆ ಈ ಕೂಟದ ನೆರಳಲ್ಲಿ ಬಂದ ಪುಸ್ತಕಗಳಲ್ಲಿ ಬಹುಕಾಲ ಬಾಳುವಂಥ ಒಂದು ಪುಸ್ತಕ ಹೆಣ್ಣುಮಕ್ಕಳದು ಎಂಬುದನ್ನು ನಾವು ಬಾಯಿತುಂಬ ಹೇಳಬೇಕು. ಗೆಳೆಯರ ದೊಡ್ಡತನ ಇರುವುದು ಇದನ್ನು ಕಾವ್ಯವೆಂದು ಗುರುತಿಸಿದ್ದರಲ್ಲಿ. ಬೇಂದ್ರೆಯವರ ಕವಿತೆಯಲ್ಲಿ ಜನಪದ ಧಾಟಿ, ಧಾರವಾಡದ ಆಡುಮಾತು ತಲೆಯೆತ್ತಿ ನಿಲ್ಲುವುದಕ್ಕೆ ಈ ಆಲಿಕೆಯ ಬಲವೂ ಇದೆ.

ಮಧುರಚೆನ್ನರು ‘ನನ್ನ ನಲ್ಲ’ದಂಥ ಅನುಭಾವದ ಕಾವ್ಯ ಬರೆದು, ಶ್ರೀ ಅರವಿಂದರ ದಾರಿಯಲ್ಲಿ ಸಾಧನೆ ನಡೆಸಿ, 1953ರಲ್ಲಿ ಐವತ್ತರ ಆಸುಪಾಸಿನಲ್ಲೇ ತೀರಿಕೊಂಡರು. ಸಿಂಪಿ ಲಿಂಗಣ್ಣನವರು ದೀರ್ಘಕಾಲ ಬಾಳಿ ಜಾನಪದದ ಕೆಲಸವನ್ನು ಮುಂದುವರಿಸಿದರು. ಇಳಿವಯಸ್ಸಿನಲ್ಲಿ ಕೊಪ್ಪಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು.

ಪತ್ರಿಕೆ, ಹಬ್ಬ, ಅಟ್ಟ

ಬರೆದದ್ದು ಜನರಿಗೆ ಮುಟ್ಟಬೇಕಲ್ಲ. ಅದಕ್ಕೆ ಮೊದಲು ಬೇಕಾದದ್ದು ಪತ್ರಿಕೆ. ಆಲೂರ ವೆಂಕಟರಾಯರು 1922ರಲ್ಲಿ ಆರಂಭಿಸಿದ ‘ಜಯ ಕರ್ನಾಟಕ’ಕ್ಕೆ ಗುಂಪಿನವರು ಹೆಗಲು ಕೊಟ್ಟರು. ಬೆಟಗೇರಿ ಕೃಷ್ಣಶರ್ಮರು ಮುಂದೆ 1938ರಲ್ಲಿ ‘ಜಯಂತಿ’ ಎಂಬ ತಮ್ಮದೇ ಮಾಸಪತ್ರಿಕೆ ಹೊರಡಿಸಿದರು.

ಎರಡನೆಯದು ಹಬ್ಬ. 1926ರಲ್ಲಿ ಬೇಂದ್ರೆ ನವರಾತ್ರಿಯ ಹೊತ್ತಿಗೆ ‘ನಾಡಹಬ್ಬ’ದ ಆಚರಣೆ ಶುರುಮಾಡಿದರು. ಮನೆಯೊಳಗಿನ ದೇವಿಯ ಹಬ್ಬ ಊರಿನವರೆಲ್ಲ ಸೇರಿ ನಾಡನ್ನು ನೆನೆಯುವ ಹಬ್ಬವೂ ಆಯಿತು. ಹಾಡು, ಉಪನ್ಯಾಸ, ಕವಿತಾ ವಾಚನಗಳಿಗೆ ಅದು ವೇದಿಕೆಯಾಯಿತು. ಏಕೀಕರಣಕ್ಕೆ ಇನ್ನೂ 30 ವರ್ಷಗಳಿದ್ದಾಗಲೇ ಕರ್ನಾಟಕ ಒಂದು ಎಂಬ ಭಾವನೆಯನ್ನು ಜನರ ಮನೆಬಾಗಿಲಿಗೆ ಒಯ್ದ ಹಬ್ಬ ಅದು.

ಮೂರನೆಯದು ಪ್ರಕಾಶನ. ಗುಂಪಿನ ಜಿ.ಬಿ. ಜೋಶಿಯವರು 1933ರ ಆಗಸ್ಟ್ 15ರಂದು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು. ಧಾರವಾಡದ ಸುಭಾಸ ರಸ್ತೆಯಲ್ಲಿ ಮೆಟ್ಟಿಲು ಹತ್ತಿ ಹೋಗಬೇಕಾದ ಅದರ ಕಚೇರಿಯನ್ನು ಊರವರು ‘ಅಟ್ಟ’ ಎಂದೇ ಕರೆಯುತ್ತಾರೆ. ಕೀರ್ತಿನಾಥ ಕುರ್ತಕೋಟಿಯವರು ಗ್ರಂಥಮಾಲೆಯ ಸಾಹಿತ್ಯ ಸಲಹೆಗಾರರಾದರು. ಗಿರೀಶ ಕಾರ್ನಾಡರು ಇನ್ನೂ ಹುಡುಗರಾಗಿದ್ದಾಗ ಬರೆದ ‘ಯಯಾತಿ’ಯನ್ನು 1961ರಲ್ಲಿ, ಬಳಿಕ ‘ತುಘಲಕ್’ ನಾಟಕವನ್ನು ಪ್ರಕಟಿಸಿದ್ದು ಈ ಅಟ್ಟವೇ. ಎ.ಕೆ. ರಾಮಾನುಜನ್ ಅವರ ‘ಹೊಕ್ಕುಳಲ್ಲಿ ಹೂವಿಲ್ಲ’ ಬಂದದ್ದೂ ಇಲ್ಲಿಂದ. ನವೋದಯದ ಗೆಳೆಯರು ಹಾಕಿದ ಅಡಿಪಾಯದ ಮೇಲೆ ನವ್ಯದವರು ಮನೆ ಕಟ್ಟಿದರು. ತಮ್ಮ ಕಾಲದ ರುಚಿಗೆ ಹೊಂದದ್ದಕ್ಕೂ ಅಚ್ಚಿನ ದಾರಿ ತೋರಿಸಿದ ಔದಾರ್ಯ ಅದು.

ತೆತ್ತ ಬೆಲೆ

ಇದೆಲ್ಲ ಸುಖದಲ್ಲಿ ಕೂತು ಮಾಡಿದ ಕೆಲಸವೂ ಆಗಿರಲಿಲ್ಲ. ‘ನರಬಲಿ’ ಎಂಬ ಕವಿತೆಗಾಗಿ 1932ರಲ್ಲಿ ಬ್ರಿಟಿಷ್ ಸರ್ಕಾರ ಬೇಂದ್ರೆಯವರ ಮೇಲೆ ರಾಜದ್ರೋಹದ ಆರೋಪ ಹೊರಿಸಿತು. ಹಿಂಡಲಗಿ ಜೈಲು, ಆಮೇಲೆ ಮುಗದದಲ್ಲಿ ಸ್ಥಾನಬದ್ಧತೆ. ಕೈಲಿದ್ದ ಮಾಸ್ತರಿಕೆಯೂ ಹೋಯಿತು. ಮುಂದೆ ಹಲವು ವರ್ಷ ಸಂಸಾರ ತೂಗಿಸುವುದೇ ಕಷ್ಟವಾಯಿತು. 1944ರಲ್ಲಿ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಅಧ್ಯಾಪಕರಾದ ಮೇಲೆಯೇ ಅವರಿಗೆ ನೆಲೆ ಸಿಕ್ಕಿದ್ದು. ಆ ಕಷ್ಟದ ವರ್ಷಗಳಲ್ಲೇ ‘ಗರಿ’, ‘ಸಖೀಗೀತ’, ‘ನಾದಲೀಲೆ’ ಬಂದವು. ಗಂಡಹೆಂಡಿರ ಬಾಳಿನ ನೋವುನಲಿವುಗಳನ್ನೇ ಕಾವ್ಯವಾಗಿಸಿದ ‘ಸಖೀಗೀತ’ವನ್ನು ಓದುವಾಗ ಅದರ ಹಿಂದಿನ ಈ ಬಡತನವನ್ನು ಮರೆಯಬಾರದು.

ಮೂವತ್ತರ ದಶಕದಲ್ಲಿ ಗೆಳೆಯರು ಒಬ್ಬೊಬ್ಬರಾಗಿ ಊರು ಬಿಟ್ಟರು. ಗೋಕಾಕ ಪುಣೆಗೆ ಹೋದರು, ಅಲ್ಲಿಂದ ಆಕ್ಸ್‌ಫರ್ಡಿಗೆ. ಮುಗಳಿಯವರ ಕಾಲೇಜು ಸಾಂಗಲಿಯಲ್ಲಿ. ಗುಂಪು ಸಡಿಲವಾಯಿತು, ಕಟ್ಟಿದ ಸಂಸ್ಥೆಗಳು ಮಾತ್ರ ಉಳಿದವು. ನೋಂದಣಿ, ನಿಯಮಾವಳಿಗಳ ಬಲದಿಂದ ನಿಂತ ಸಂಘವಾಗಿದ್ದರೆ ಪದಾಧಿಕಾರಿಗಳು ಹೋದಾಗ ಬಾಗಿಲು ಹಾಕಬೇಕಾಗುತ್ತಿತ್ತೇನೋ. ಇಲ್ಲಿ ಹೋದವರು ಹೋದಲ್ಲೆಲ್ಲ ಗುಂಪಿನ ಕೆಲಸವನ್ನೇ ಮುಂದುವರಿಸಿದರು.

ನೋಡಬೇಕೆನ್ನುವವರಿಗೆ

ಧಾರವಾಡಕ್ಕೆ ಹೋದವರು ಸಾಧನಕೇರಿಯಲ್ಲಿ ಬೇಂದ್ರೆಯವರ ಮನೆ ‘ಶ್ರೀಮಾತಾ’ವನ್ನೂ ಬೇಂದ್ರೆ ಭವನವನ್ನೂ ನೋಡಬಹುದು. ಕವಿ ಹುಟ್ಟಿದ ಜನವರಿ 31ರಂದು ಊರಿನಲ್ಲಿ ಕವಿತೆಯ ಓದು, ಹಾಡು ಇದ್ದೇ ಇರುತ್ತದೆ. ಸುಭಾಸ ರಸ್ತೆಯ ಅಟ್ಟಕ್ಕೂ ಒಮ್ಮೆ ಹತ್ತಿ ಬರಬೇಕು. ಸಾಧ್ಯವಾದರೆ ಹಲಸಂಗಿಯವರೆಗೂ ಹೋಗಿ ಬರಬೇಕು, ಏಕೆಂದರೆ ಈ ಕಥೆಯ ಅರ್ಧ ಅಲ್ಲಿದೆ.

ಇವತ್ತು ನಮ್ಮ ಜಿಲ್ಲೆ, ತಾಲ್ಲೂಕುಗಳಲ್ಲಿ ಸಾಹಿತ್ಯ ಸಂಘಗಳಿಗೆ ಕೊರತೆಯಿಲ್ಲ. ಕವಿಗೋಷ್ಠಿಗಳೂ ಬೇಕಾದಷ್ಟು ನಡೆಯುತ್ತವೆ. ತಮ್ಮ ಸರದಿ ಮುಗಿದೊಡನೆ ಶಾಲು, ಸ್ಮರಣಿಕೆ ಹಿಡಿದು ಎದ್ದು ಹೋಗುವ ಕವಿಗಳೂ ಕಾಣಸಿಗುತ್ತಾರೆ. ಗೆಳೆಯರ ಗುಂಪಿನಿಂದ ಕಲಿಯಬೇಕಾದದ್ದು ಸರಳವಾಗಿದೆ: ಪಕ್ಕದವರ ಕವಿತೆಯನ್ನು ಕೊನೆಯವರೆಗೆ ಕೇಳಬೇಕು, ಚೆನ್ನಾಗಿದ್ದರೆ ಅದು ಅಚ್ಚಾಗುವಂತೆ ಓಡಾಡಬೇಕು, ಬರೆಯಲು ಬಾರದವರ ಬಾಯಲ್ಲಿರುವ ಕವಿತೆಗೂ ಕಿವಿಗೊಡಬೇಕು. ಹತ್ತು ಮಂದಿ ಗೆಳೆಯರು ಇದನ್ನು ಹತ್ತು ವರ್ಷ ನಿಷ್ಠೆಯಿಂದ ಮಾಡಿದರೆ ಒಂದು ಸೀಮೆಯ ಸಾಹಿತ್ಯವೇ ಎದ್ದು ನಿಲ್ಲುತ್ತದೆ. ಧಾರವಾಡದಲ್ಲಿ ಅದು ಆಗಿದೆ. ನಮ್ಮ ನಮ್ಮ ಊರುಗಳಲ್ಲೂ ಆಗಬಹುದು.